ತಿರುವಿನ ತನಕ ಒಂದು ಉಸಿರು

ನಾನು ಒಂದು ಕ್ಲಾರಿನೆಟ್. ಮದುವೆಯ ಮೆರವಣಿಗೆಯಲ್ಲಿ ನೀವು ನನ್ನ ದನಿ ಕೇಳಿರುತ್ತೀರಿ, ಮುಖ ನೋಡಿರಲಿಕ್ಕಿಲ್ಲ. ಎಲ್ಲರ ಕಣ್ಣು ಮದುಮಗನ ಪೇಟದ ಮೇಲೆ, ಇಲ್ಲವೇ ಹೊಟ್ಟೆಗೆ ದೊಡ್ಡ ಡ್ರಮ್ಮು ಕಟ್ಟಿಕೊಂಡು ಬೆವರು ಸುರಿಸುವವನ ಮೇಲೆ ಇರುತ್ತದೆ. ಕರಿಯ ಕೋಲಿನಂಥ ನನ್ನನ್ನು ಯಾರು ನೋಡಬೇಕು?

ದೂರದ ಉತ್ತರದ ಒಂದು ಊರಿನಲ್ಲಿ, ಬ್ಯಾಂಡಿನ ವಾದ್ಯಗಳನ್ನೇ ಮಾಡುವ ಓಣಿಯೊಂದರಲ್ಲಿ ನಾನು ಹುಟ್ಟಿದೆ. ಒಬ್ಬ ಮುದುಕ ಕರಿಯ ಮರವನ್ನು ಕಡೆದು, ಕೊರೆದು, ನನ್ನನ್ನು ತುಂಡು ತುಂಡಾಗಿ ಮಾಡಿದ. ಅವನ ಹೆಂಡತಿ ಬಾಗಿಲಲ್ಲಿ ಕುಳಿತು ಹಳೆಯ ಸೀರೆಯ ಚಿಂದಿಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ಮೈ ಒರೆಸುತ್ತಿದ್ದಳು. ತುಂಡುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ಬಾಯಿಗೆ ಜೊಂಡಿನ ತೆಳ್ಳನೆಯ ಸೀಳು, ಅಂದರೆ ರೀಡು, ಕಟ್ಟಿ, ಮುದುಕ ಮೊದಲ ಸಲ ಊದಿದಾಗ ನನಗೆ ಜೀವ ಬಂತು. ಅವನು ಆಗಷ್ಟೇ ಮೂಲಂಗಿ ತಿಂದಿದ್ದ. ನನ್ನ ಮೊದಲ ಉಸಿರಿಗೆ ಮೂಲಂಗಿಯ ವಾಸನೆ.

ನನಗೆ ಸ್ವಂತದ್ದೆಂಬ ಉಸಿರಿಲ್ಲ. ಯಾರು ಊದುತ್ತಾರೋ ಅವರದೇ ನನ್ನದು. ಹಾಗಾಗಿ ಅವರು ಏನು ತಿಂದಿದ್ದಾರೆ, ರಾತ್ರಿ ನಿದ್ದೆ ಮಾಡಿದ್ದಾರೋ ಇಲ್ಲವೋ, ಮನೆಯಲ್ಲಿ ಜಗಳವಾಗಿದೆಯೋ, ಎಲ್ಲ ನನಗೆ ತಿಳಿದುಬಿಡುತ್ತದೆ. ನನ್ನನ್ನು ತುಟಿಯಲ್ಲಿ ಕಚ್ಚಿಕೊಂಡವರನ್ನು ನಾನು ಕೆಳಗಿನಿಂದ ನೋಡುತ್ತೇನೆ. ನನ್ನ ಪಾಲಿಗೆ ಮನುಷ್ಯರೆಂದರೆ ಒಂದು ಗಲ್ಲ, ಮೂಗಿನ ಎರಡು ಹೊಳ್ಳೆ, ಅದರಾಚೆ ಮುಚ್ಚಿದ ಕಣ್ಣು.

ಅಲ್ಲಿಂದ ನಾನು ರೈಲಿನಲ್ಲಿ ದಾವಣಗೆರೆಗೆ ಬಂದೆ. ದಸ್ತಗೀರ್ ಉಸ್ತಾದರು ಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಪು ಮಖಮಲ್ಲಿನಲ್ಲಿ ಮಲಗಿದ್ದ ನನ್ನನ್ನು ನೋಡಿ, "ಬಂದ್ಯಾ ಮಗಾ?" ಎಂದರು. ಕೂಸನ್ನು ಎತ್ತಿಕೊಳ್ಳುವ ಹಾಗೆ ಕೈಯೊಡ್ಡಿ ಎತ್ತಿಕೊಂಡರು. ಅವರದು ಸಣ್ಣ ಬ್ಯಾಂಡು. ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದಿನ ಓಣಿಯಲ್ಲಿ ಅವರ ಮನೆ. ಹಗಲೆಲ್ಲ ಭಟ್ಟಿಯ ಹೊಗೆ, ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ. ಬ್ಯಾಂಡಿನ ಗಂಡಸರ ಹೆಂಡಿರು ಆ ಭಟ್ಟಿಗಳಲ್ಲಿ ಮಂಡಕ್ಕಿ ಜರಡಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದರು.

ಉಸ್ತಾದರು ಕುಡಿಯುತ್ತಿರಲಿಲ್ಲ. ಊದುವ ಮುಂಚೆ ರೀಡನ್ನು ನಾಲಿಗೆಯ ಮೇಲಿಟ್ಟು, ಕಲ್ಲುಸಕ್ಕರೆ ಚೀಪುವ ಹಾಗೆ ಚೀಪಿ ನೆನೆಸುತ್ತಿದ್ದರು. ಒಣಗಿದ ರೀಡು ಸರಿಯಾಗಿ ನುಡಿಯುವುದಿಲ್ಲ. ಮದುವೆ ಮನೆಯವರು "ಬ್ಯಾಂಡಿನೋರಿಗೆ" ಎಂದು ಒಂದು ಬಾಟಲಿ ಕೊಡುವುದು ಆಗಲೂ ಇದ್ದ ಪದ್ಧತಿಯೇ. ಉಸ್ತಾದರು ಅದನ್ನು ಉಳಿದವರ ಕಡೆ ದಾಟಿಸಿ, ತಾವು ಚಹಾ ಕೇಳುತ್ತಿದ್ದರು.

ಅವರ ಬ್ಯಾಂಡಿಗೆ ಒಂದು ಕಟ್ಟಳೆಯಿತ್ತು. ಹೆಣ್ಣು ಒಪ್ಪಿಸಿಕೊಟ್ಟು ಕಳಿಸುವಾಗ ಡ್ರಮ್ಮು, ತಾಳ, ತುತ್ತೂರಿ ಎಲ್ಲ ಸುಮ್ಮನಾಗಬೇಕು. ಕ್ಲಾರಿನೆಟ್ ಒಂದೇ ಭೈರವಿ ರಾಗ ನುಡಿಸಬೇಕು. ಮದುಮಗಳ ಗಾಡಿ ಹೊರಟೊಡನೆ ಕೊನೆಯ ಸ್ವರ ಹಿಡಿಯಬೇಕು. ಗಾಡಿ ರಸ್ತೆಯ ತಿರುವು ದಾಟುವ ತನಕ ಆ ಸ್ವರ ಕಡಿಯಬಾರದು. ಅದೂ ಒಂದೇ ಉಸಿರಿನಲ್ಲಿ.

"ಯಾಕೆ ಗೊತ್ತಾ ಬೇಟಾ?" ಎಂದು ಉಸ್ತಾದರು ತಮ್ಮ ಶಿಷ್ಯ ತಿಪ್ಪೇಶಿಗೆ ಹೇಳುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. "ಹೆಣ್ಣುಮಗಳು ಅಳ್ತಾ ತಿರುಗಿ ನೋಡ್ತಾಳೆ. ಮನೆ ಕಾಣದಂಗೆ ಆಗ್ತೈತೆ. ಆದ್ರೆ ಮನೆ ದನಿ ಕೇಳಿಸ್ತಾ ಇರಬೇಕು. ಅಷ್ಟು ದೂರ ನಾವು ಅವಳನ್ನ ಕಳಿಸಿ ಬರಬೇಕು. ಇದು ನಮ್ಮ ಡ್ಯೂಟಿ."

"ಅಷ್ಟು ಉಸಿರು ಎಲ್ಲಿಂದ ತರಾದು ಉಸ್ತಾದ್?"

"ಗಂಟಲಾಗೆ ಹುಡುಕಬ್ಯಾಡ. ಹೊಕ್ಕಳ ಹತ್ರ ಐತೆ. ಅಲ್ಲಿಂದ ತಾ."

ತಿಪ್ಪೇಶಿ ತಂದ. ಉಸ್ತಾದರಿಗೆ ದಮ್ಮು ಹತ್ತಿ ಊದುವುದಾಗದೆ ಹೋದಾಗ, ಅವರು ನನ್ನನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಅವನ ಮಡಿಲಿಗೆ ಹಾಕಿದರು. ಅವನು ಕಾಲಿಗೆ ಬಿದ್ದ. "ಇದರ ಬಾಯಿ ಚೊಕ್ಕ ಇಟ್ಕೋ," ಎಂದಷ್ಟೇ ಹೇಳಿದರು. ನನ್ನ ಬಾಯಿಯ ವಿಚಾರ ಹೇಳಿದರೋ ಅವನ ಬಾಯಿಯ ವಿಚಾರವೋ, ಕೇಳಲು ಅವನಿಗೆ ತೋಚಲಿಲ್ಲ.

ತಿಪ್ಪೇಶಿಯ ಉಸಿರಿನಂಥ ಉಸಿರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಉಸ್ತಾದರದು ಹಣತೆಯ ಬೆಳಕಿನ ಹಾಗೆ ಮೆತ್ತಗಿತ್ತು. ಇವನದು ಕೆರೆಯ ತೂಬು ಎತ್ತಿದ ಹಾಗೆ. ಮದುಮಗಳ ಗಾಡಿ ತಿರುವು ದಾಟಿ, ಧೂಳು ಕೂತು, ಅತ್ತವರು ಮೂಗು ಒರೆಸಿಕೊಂಡ ಮೇಲೂ ಇವನ ಸ್ವರ ನಿಂತೇ ಇರುತ್ತಿತ್ತು. ಕೊನೆಯ ಸ್ವರ ಹಿಡಿದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಾಗಾಗಿ ಪಕ್ಕದಲ್ಲಿ ಡ್ರಮ್ಮಿನ ಕೆಂಚಪ್ಪ ನಿಂತು, ಗಾಡಿ ಮರೆಯಾದೊಡನೆ ಅವನ ಭುಜ ಮುಟ್ಟಬೇಕು. ಆಮೇಲೆ ತಿಪ್ಪೇಶಿ ಕಣ್ಣು ತೆರೆದು ಕೇಳುವನು: "ದಾಟಿದಳಾ?"

"ದಾಟಿ ಹರಿಹರಕ್ಕೆ ಮುಟ್ಟಿದ್ಲು. ಉಸಿರು ಬಿಡೋ ಮಾರಾಯ," ಎಂದು ಕೆಂಚಪ್ಪ ನಗುತ್ತಿದ್ದ.

ತಿಪ್ಪೇಶಿಗೆ ಮಗಳು ಹುಟ್ಟಿದಾಗ ಭೈರವಿ ಎಂದು ಹೆಸರಿಟ್ಟ. ಹೆಂಡತಿ ಸಾಕಮ್ಮ ಬಾಣಂತಿ ಕೋಣೆಯಿಂದಲೇ ಬೈದಳು. "ಹೆಣ್ಣು ಕಳಿಸೋ ರಾಗದ ಹೆಸರು ಈಗ ಹುಟ್ಟಿದ ಕೂಸಿಗೆ ಇಡ್ತಾರೇನ್ರೀ? ಯಾರಾದ್ರೂ ಕೇಳಿದ್ರೆ ನಗ್ತಾರೆ."

"ಕಳಿಸೋಕೆ ಇನ್ನೂ ಭಾಳ ದಿನ ಐತೆ ಬಿಡೇ. ಅಷ್ಟರೊಳಗೆ ಇನ್ನೂ ಚಂದಾಗಿ ಕಲ್ತ್ಕೊಳ್ತೀನಿ," ಎಂದು ಅವನು ತೊಟ್ಟಿಲ ಪಕ್ಕ ಕುಳಿತು ನನ್ನನ್ನು ಮೆಲ್ಲಗೆ ಊದಿದ. ಕೂಸು ಅಳು ನಿಲ್ಲಿಸಿ ನನ್ನ ಅಗಲ ಬಾಯಿಯೊಳಗೆ ಕೈ ಹಾಕಲು ನೋಡಿತು. ಆ ಮನೆಯಲ್ಲಿ ನನಗೆ ಬೇಕಾದಷ್ಟು ಸುಖವಿತ್ತು.

ಹೆಂಡದ ಸಂಗತಿ ಹೇಗೆ ಶುರುವಾಯಿತು ಎಂದು ಕೇಳಿದರೆ ನಗು ಬರಬಹುದು. ಅದು ಬಂದದ್ದು ತಿಪ್ಪೇಶಿಗಾಗಿ ಅಲ್ಲ, ರೀಡಿಗಾಗಿ.

ಒಂದು ವರ್ಷ ಮಳೆ ಹಿಡಿದು ಬಿಡಲೇ ಇಲ್ಲ. ಪೆಟ್ಟಿಗೆಯಲ್ಲಿದ್ದ ರೀಡುಗಳಿಗೆಲ್ಲ ಬೂಷ್ಟು ಬಂತು. ಆಗ ಕೆಂಚಪ್ಪ ಹೇಳಿದ: "ಮಿಲ್ಟ್ರಿ ಬ್ಯಾಂಡಿನೋರು ರೀಡನ್ನ ರಮ್ಮಿನಾಗೆ ನೆನೆಸ್ತಾರಂತೋ ತಿಪ್ಪೇಶಿ. ಬೂಷ್ಟೂ ಸಾಯ್ತೈತೆ, ರೀಡೂ ಗಟ್ಟಿ ಆಗ್ತೈತೆ." ಮದುವೆ ಮನೆಯವರು ಕೊಟ್ಟ ಬ್ರಾಂದಿ ಬಾಟಲಿಯ ಮುಚ್ಚಳಕ್ಕೆ ಒಂದಿಷ್ಟು ಸುರಿದು, ಅದರಲ್ಲಿ ರೀಡು ಅದ್ದಿಟ್ಟ. ತಿಪ್ಪೇಶಿ ಅದನ್ನು ಬಾಯಿಗಿಟ್ಟು ಮುಖ ಕಿವುಚಿದ. ಆದರೆ ಆ ದಿನ ನನ್ನ ದನಿ ನಿಜವಾಗಿಯೂ ಖಣಖಣ ಎಂದಿತು. ಹೊಸ ರೀಡು, ಬಿಸಿಲು ಬಿದ್ದ ದಿನ, ಅದಕ್ಕೇ ಇರಬಹುದು. ಹೆಗ್ಗಳಿಕೆ ಮಾತ್ರ ಮುಚ್ಚಳಕ್ಕೆ ಹೋಯಿತು.

ಆಮೇಲೆ ಪ್ರತಿ ಮದುವೆಗೂ ಮುಚ್ಚಳ ಬಂತು. ರೀಡು ತೆಗೆದ ಮೇಲೆ ಉಳಿದದ್ದನ್ನು ತಿಪ್ಪೇಶಿ ನೆಲಕ್ಕೆ ಚೆಲ್ಲುತ್ತಿದ್ದ. ಒಮ್ಮೆ ಒಬ್ಬ ಹಿರಿಯರು, "ಲಕ್ಷ್ಮೀನ ಯಾಕಪ್ಪ ಚೆಲ್ತೀಯಾ, ಒಂದು ಗುಟುಕು ಇಲ್ಲ ಅದು," ಎಂದರು. ಅವನು ನಾಚಿಕೊಂಡು ಕುಡಿದ. ಇಷ್ಟೇ. ಯಾರೂ ಅವನ ಕತ್ತು ಹಿಡಿದು ಕುಡಿಸಲಿಲ್ಲ. ದುಃಖವಿತ್ತೇ ಎಂದರೆ ಅದೂ ಇರಲಿಲ್ಲ. ಚೆಲ್ಲಲು ಮನಸ್ಸು ಬರಲಿಲ್ಲ, ಕುಡಿದ.

ಬ್ಯಾಂಡಿನವರಲ್ಲಿ ಒಂದು ನಂಬಿಕೆಯಿದೆ: ಎರಡು ಗುಟುಕು ಹೋದರೆ ಎದೆ ಬಿಚ್ಚಿಕೊಳ್ಳುತ್ತದೆ, ಉಸಿರು ಉದ್ದವಾಗುತ್ತದೆ ಎಂದು. ಅದೆಷ್ಟು ಸುಳ್ಳೆಂದು ಊದಿಸಿಕೊಳ್ಳುವ ನನಗಲ್ಲದೆ ಯಾರಿಗೆ ಗೊತ್ತು? ಕುಡಿದವನಿಗೆ ತನ್ನ ಉಸಿರು ಉದ್ದವಾಯಿತೆಂದು ಅನ್ನಿಸುತ್ತದೆ. ನನ್ನೊಳಗೆ ಅದು ಮೊದಲು ಮುಟ್ಟುತ್ತಿದ್ದ ಕಡೆ ಮುಟ್ಟುತ್ತಿರಲಿಲ್ಲ. ತುಟಿಯ ಹಿಡಿತ ಸಡಿಲವಾಯಿತು. ಮೂಲೆಯಿಂದ ಗಾಳಿ ಸೋರತೊಡಗಿತು. ಆದರೆ ಮೆರವಣಿಗೆಯ ಗಲಾಟೆಯಲ್ಲಿ ಅದನ್ನು ಕೇಳುವವರಾರು? ಹೇಳೋಣವೆಂದರೆ ನಾನು ಅವನ ಉಸಿರಿನಲ್ಲೇ ಮಾತಾಡಬೇಕು.

ಮುಚ್ಚಳ ಹೋಗಿ ಲೋಟ ಬಂತು. ಮದುವೆಯ ದಿನ ಹೋಗಿ ದಿನವೂ ಬಂತು. ಬೆಳಿಗ್ಗೆ ಬೆರಳು ನಡುಗಿ ನನ್ನ ಗುಂಡಿಗಳ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಗುಟುಕು ಬಿದ್ದ ಮೇಲೆ ಕೂರುತ್ತಿದ್ದವು. "ನೋಡು, ಇದು ಔಷಧ," ಎನ್ನುತ್ತಿದ್ದ. ಸಾಕಮ್ಮ ಭಟ್ಟಿಯಿಂದ ಬಂದು, ಮೈಮೇಲಿನ ಹೊಟ್ಟು ಕೊಡವಿಕೊಂಡು, ಬಾಗಿಲಲ್ಲಿ ಬಿದ್ದವನ ಚಪ್ಪಲಿ ಬಿಚ್ಚಿ, ತಲೆಯಡಿಗೆ ತನ್ನ ಹಳೆಯ ಸೀರೆ ಮಡಿಸಿಡುತ್ತಿದ್ದಳು. ಮೊದಮೊದಲು ಬೈಯುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಭೈರವಿ ಶಾಲೆಯಿಂದ ಬಂದು ಅಪ್ಪನನ್ನು ದಾಟಿಕೊಂಡು ಒಳಗೆ ಹೋಗುವಾಗ ಲಂಗ ಎತ್ತಿ ಹಿಡಿಯುತ್ತಿದ್ದಳು. ಹೀಗೆ ದಾಟಿಯೇ ಆ ಹುಡುಗಿ ದೊಡ್ಡವಳಾದಳು.

ಅವಳಿಗೆ ಹರಪನಹಳ್ಳಿ ಕಡೆಯ ಗಂಡು ಗೊತ್ತಾಯಿತು. ಒಳ್ಳೆಯ ಮನೆ. ಒಂದು ಬೆಳಿಗ್ಗೆ, ಇನ್ನೂ ಕುಡಿಯದೆ ನಡುಗುತ್ತ ಕುಳಿತಿದ್ದ ಅಪ್ಪನ ಮುಂದೆ ಅವಳು ಬಂದು ಕುಳಿತಳು. ನಾನು ಗೋಡೆಯ ಗೂಟಕ್ಕೆ ತೂಗುತ್ತಿದ್ದೆ.

"ಅಪ್ಪಾಜಿ, ನಂಗೆ ಒಡವೆ ಬ್ಯಾಡ, ದೊಡ್ಡ ಸೀರೆನೂ ಬ್ಯಾಡ."

"ಮತ್ತೇನು ಬೇಕವ್ವ?"

"ನನ್ನ ಕಳಿಸುವಾಗ ನೀನೇ ಊದಬೇಕು. ತಿರುವು ದಾಟೋ ತನಕ. ಊರಾಗಿನ ಹೆಣ್ಣುಮಕ್ಕಳನ್ನೆಲ್ಲ ಕಳಿಸ್ಕೊಟ್ಟೀಯಾ. ನನ್ನನ್ನೂ ಕಳಿಸು."

ತಿಪ್ಪೇಶಿ ಕತ್ತೆತ್ತಿ ಗೂಟದ ಕಡೆ ನೋಡಿದ. ಆಮೇಲೆ, "ಊದ್ತೀನಿ," ಎಂದ.

ಅಂದೇ ಬಿಟ್ಟ. ಆಸ್ಪತ್ರೆಗೆ ಹೋಗದೆ, ಯಾರಿಗೂ ಹೇಳದೆ, ಒಮ್ಮೆಗೇ ಬಿಟ್ಟುಬಿಟ್ಟ. ಎರಡನೇ ದಿನಕ್ಕೆ ಮೈಯೆಲ್ಲ ನೀರಾಯಿತು. ಗೋಡೆಯ ಮೇಲೆ ಇರುವೆಯ ಸಾಲು ಹರಿಯುತ್ತಿದೆ ಎಂದು ಬರಿಗೋಡೆಯನ್ನು ಒರೆಸುತ್ತಿದ್ದ. ಸಾಕಮ್ಮ ಹೆದರಿ ಡಾಕ್ಟರನ್ನು ಕರೆಸಿದಳು. ವರ್ಷಗಟ್ಟಲೆ ಕುಡಿದವರು ಹೀಗೆ ತಾವಾಗಿ ಒಮ್ಮೆಗೇ ಬಿಟ್ಟರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಗದರಿ, ಸೂಜಿ ಕೊಟ್ಟು, ಮಾತ್ರೆ ಬರೆದರು. ಸಾಕಮ್ಮ ನಿಂಬೆ ಪಾನಕ ಮಾಡಿ ಚಮಚದಲ್ಲಿ ಕುಡಿಸಿದಳು. ಹೇಗೋ ದಾಟಿಕೊಂಡ.

ಆಮೇಲೆ ಬಂದವು ನನ್ನ ಬಾಳಿನ ಒಳ್ಳೆಯ ದಿನಗಳು. ಬೆಳಗಿನ ಹೊತ್ತು ತಿಪ್ಪೇಶಿ ಬಾಗಿಲ ಕಲ್ಲಿನ ಮೇಲೆ ಕುಳಿತು, ಉಸ್ತಾದರ ಹಾಗೆ ರೀಡನ್ನು ಬಾಯಲ್ಲೇ ನೆನೆಸಿ, ಉಸಿರು ಕೂಡಿಸುವ ಅಭ್ಯಾಸ ಮಾಡುತ್ತಿದ್ದ. ಭೈರವಿ ಮದುಮಗಳ ಹಾಗೆ ತಲೆ ಬಗ್ಗಿಸಿಕೊಂಡು ಓಣಿಯಲ್ಲಿ ನಡೆಯುವಳು. ಮನೆಯ ಮುಂದೆ ಬೀದಿ ನಲ್ಲಿ, ಅದಾದ ಮೇಲೆ ನುಗ್ಗೆ ಮರ, ಅದಾಚೆ ಭಟ್ಟಿಯ ಗೋಡೆಯ ಹತ್ತಿರ ತಿರುವು. ಮೊದಲ ದಿನ ಸ್ವರ ನಲ್ಲಿಯ ಹತ್ತಿರವೇ ಕಡಿಯಿತು. ನೀರು ಹಿಡಿಯುತ್ತಿದ್ದ ಹೆಂಗಸರು ನಕ್ಕರು. "ಏ ತಿಪ್ಪಣ್ಣ, ನಿನ್ನ ಮಗಳು ಗಂಡನ ಮನೆಗೆ ಹೋಗ್ತಾಳೋ ನೀರಿಗೆ ಹೋಗ್ತಾಳೋ?" ಕೆಲವು ದಿನಕ್ಕೆ ನುಗ್ಗೆ ಮರ ಮುಟ್ಟಿತು. ಒಂದು ಬೆಳಿಗ್ಗೆ ಅವಳು ತಿರುವು ದಾಟಿದಳು, ಸ್ವರ ಇನ್ನೂ ಇತ್ತು. ಅವಳು ಗೋಡೆಯ ಆಚೆಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಅಪ್ಪಾಜಿ, ಇನ್ನೂ ನಿಧಾನ ನಡೀಲಾ?"

"ನಡಿ! ಕುಂಟ್ಕೊಂಡು ನಡೆದ್ರೂ ಸೈ!"

ನಲ್ಲಿಯ ಹೆಂಗಸರು ಈ ಸಲ ನಗಲಿಲ್ಲ. ಒಬ್ಬಳು ತನ್ನ ಕೊಡ ತುಂಬಿ ಹರಿಯುವುದನ್ನು ಮರೆತು ನಿಂತಿದ್ದಳು.

ಮದುವೆಯ ದಿನ ಬಂತು. ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಬ್ಯಾಂಡಿನವರ ಸಾಮಾನು. ತಿಪ್ಪೇಶಿ ಹೊಸ ಅಂಗಿ ತೊಟ್ಟು, ಗಂಧ ಹಚ್ಚಿಕೊಂಡು ಒಳಗೆ ಬಂದ. ಕೆಂಚಪ್ಪ ಆಗಲೇ ನನ್ನನ್ನು ಜೋಡಿಸಿ, ಒರೆಸಿ, ಬಟ್ಟೆಯ ಮೇಲೆ ಮಲಗಿಸಿದ್ದ. ಪಕ್ಕದಲ್ಲಿ ಮುಚ್ಚಳ, ಮುಚ್ಚಳದಲ್ಲಿ ಬ್ರಾಂದಿ, ಬ್ರಾಂದಿಯಲ್ಲಿ ರೀಡು.

ಕೆಂಚಪ್ಪನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಅವನು ಗೆಳೆಯನಿಗೆ ಕೇಡು ಬಯಸಿದವನಲ್ಲ. ತಿಪ್ಪೇಶಿ ಬಿಟ್ಟದ್ದು ಕುಡಿಯುವುದನ್ನು; ರೀಡು ನೆನೆಸುವುದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆಯಲೇ ಇಲ್ಲ. ಹಾಗೆ ನೋಡಿದರೆ ಆ ಬ್ಯಾಂಡಿನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಅದು ಅವರಿಗೆ ಹೂವು ಏರಿಸಿದ ಹಾಗೆ, ಕಾಯಿ ಒಡೆದ ಹಾಗೆ ಒಂದು ಶಾಸ್ತ್ರವಾಗಿಬಿಟ್ಟಿತ್ತು.

"ದೊಡ್ಡ ದಿನ ಅಲ್ಲೇನೋ, ರೀಡು ಗಟ್ಟಿ ಇರ್ಲಿ ಅಂತ ಮುಂಜಾನೆಯಿಂದ ನೆನೆ ಹಾಕೀನಿ," ಎಂದ.

ತಿಪ್ಪೇಶಿ ಮುಚ್ಚಳವನ್ನು ನೋಡಿದ. ಹೊರಗೆ ಪುರೋಹಿತರು ಕೂಗುತ್ತಿದ್ದರು, "ಎಲ್ರೀ ವಾದ್ಯ?" ಅವನು ರೀಡು ತೆಗೆದು ಪಂಚೆಗೆ ಒರೆಸಿದ, ಮತ್ತೆ ಒರೆಸಿದ, ನನಗೆ ಕಟ್ಟಿದ. ಬಾಯಿಗಿಟ್ಟುಕೊಂಡ. ಅವನ ನಾಲಿಗೆ ರೀಡಿಗೆ ತಗುಲಿದ ಕೂಡಲೇ ಅವನ ಮೈ ಜುಮ್ಮೆಂದದ್ದು ನನ್ನವರೆಗೂ ಬಂತು.

ತಾಳಿ ಕಟ್ಟುವಾಗ ಬಹಳ ಚೆನ್ನಾಗಿ ನುಡಿಸಿದ. ಗಂಡಿನ ಕಡೆಯವರು ತಲೆದೂಗಿದರು. ಆಮೇಲೆ ಊಟದ ಹೊತ್ತು. ಕೋಣೆಗೆ ಬಂದ, ನನ್ನನ್ನು ಕುರ್ಚಿಯ ಮೇಲಿಟ್ಟ. ಮುಚ್ಚಳದಲ್ಲಿ ಉಳಿದದ್ದನ್ನು ನೋಡುತ್ತ ನಿಂತ. ನೆಲಕ್ಕೆ ಚೆಲ್ಲುತ್ತಾನೆ ಎಂದುಕೊಂಡೆ. ಕೈಯನ್ನೇನೋ ನೆಲದ ಕಡೆ ಬಗ್ಗಿಸಿದ್ದ.

ಇಳಿಹೊತ್ತಿಗೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿಯಿತು. ಭೈರವಿ ಅತ್ತು ಕೆಂಪಾದ ಮುಖದಲ್ಲಿ ವ್ಯಾನು ಹತ್ತಿದಳು. ಡ್ರಮ್ಮು, ತಾಳ, ತುತ್ತೂರಿ ಎಲ್ಲ ಸುಮ್ಮನಾದವು. ಎಲ್ಲರೂ ತಿಪ್ಪೇಶಿಗಾಗಿ ಕಾದರು. ಅವನು ಸಿಗಲಿಲ್ಲ. ಸಾಕಮ್ಮನೇ ಹುಡುಕಿದಳು. ಅಡಿಗೆಮನೆಯ ಹಿಂದೆ, ತೊಳೆಯಲು ಹಾಕಿದ ಕೊಳದಪ್ಪಲೆಗಳ ನಡುವೆ ಅವನು ಮಲಗಿದ್ದ. ಬಾಟಲಿ ಬರಿದಾಗಿತ್ತು. ಹೊಸ ಅಂಗಿಗೆ ಸಾರು ಮೆತ್ತಿತ್ತು. ಮುಖಕ್ಕೆ ನೀರು ಹೊಡೆದರು, ಎತ್ತಿ ಕೂರಿಸಿದರು. ಕುತ್ತಿಗೆ ನಿಲ್ಲಲಿಲ್ಲ.

ಕೆಂಚಪ್ಪ ಓಡಿಬಂದು ನನ್ನನ್ನೆತ್ತಿಕೊಂಡು ವ್ಯಾನಿನ ಹತ್ತಿರ ಹೋದ. ಹುಟ್ಟಿದಂದಿನಿಂದ ಡ್ರಮ್ಮು ಬಾರಿಸಿದವನು ನನ್ನನ್ನು ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ಬಾತುಕೋಳಿಯ ಕತ್ತು ಹಿಸುಕಿದಂಥ ದನಿ ಬಂತು. ಗಂಡಿನ ಕಡೆಯ ಒಂದು ಮಗು ಕಿಸಕ್ಕನೆ ನಕ್ಕಿತು. ಅದರ ತಾಯಿ ಅದರ ಬಾಯಿ ಮುಚ್ಚಿದಳು.

"ಬಿಡ್ರಿ ಕೆಂಚಣ್ಣ," ಎಂದಳು ಭೈರವಿ. ದನಿ ಸಮನಾಗಿತ್ತು. ಅವಳ ಅತ್ತೆ, ನಾನು ಮರೆಯದ ಹೆಂಗಸು, ಏನೂ ಕೇಳದೆ, ಸೊಸೆಯ ತಲೆಯ ಮೇಲಿನ ಸೆರಗನ್ನು ಮುಖ ಮರೆಯಾಗುವಷ್ಟು ಮುಂದಕ್ಕೆಳೆದು, ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಭೈರವಿ ಮುಂದಕ್ಕೆ ಬಾಗಿ, "ಡ್ರೈವರಣ್ಣ, ಹೊರಡ್ರಿ," ಎಂದಳು. ವ್ಯಾನು ತಿರುವು ದಾಟಿತು. ಎಂಜಿನ್ನಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಿಪ್ಪೇಶಿ ಎದ್ದು ಕುಳಿತು ಕೇಳಿದ. "ವ್ಯಾನು ಬಂತಾ? ಮಗಳು ಎಲ್ಲಿ?" ಚಪ್ಪರ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು.

ಆಮೇಲೆ ಅವನು ಕುಡಿದದ್ದಕ್ಕೆ ಲೆಕ್ಕವಿಲ್ಲ. ನಾಚಿಕೆಗೆ ಕುಡಿದ, ಕುಡಿದದ್ದಕ್ಕೆ ನಾಚಿ ಮತ್ತೆ ಕುಡಿದ. ಒಮ್ಮೆ ಗಟಾರದ ಕಲ್ಲಿಗೆ ಬಿದ್ದು ಮುಂದಿನ ಹಲ್ಲು ಎರಡು ಹೋದವು. ಹಲ್ಲಿಲ್ಲದೆ ಕ್ಲಾರಿನೆಟ್ ಹಿಡಿಯುವುದು ಹೇಗೆ? ಬ್ಯಾಂಡು ಅವನನ್ನು ಕರೆಯುವುದು ಬಿಟ್ಟಿತು. ಒಂದು ಸಂಜೆ ಅವನು ನನ್ನ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೆಂಡದಂಗಡಿಯ ಕಡೆ ಹೊರಟಾಗ ಕೆಂಚಪ್ಪ ಅಡ್ಡ ಬಂದು ಕಿತ್ತುಕೊಂಡ. "ನನ್ನ ಹೊಡಿ ಬೇಕಾದ್ರೆ. ಇದನ್ನ ಕೊಡಾಕಿಲ್ಲ," ಎಂದ. ತಿಪ್ಪೇಶಿ ಹೊಡೆದ. ಕೆಂಚಪ್ಪ ಹೊಡೆಸಿಕೊಂಡು, ಮನೆಗೆ ಬಂದು, ನನ್ನನ್ನು ಅಟ್ಟದ ಮೇಲಿಟ್ಟ.

ಆ ಅಟ್ಟದ ಮೇಲೆ ನಾನು ವರ್ಷಗಟ್ಟಲೆ ಇದ್ದೆ. ಕೆಂಚಪ್ಪ ಆ ಮದುವೆಯ ದಿನದಿಂದ ಬಾಟಲಿ ಮುಟ್ಟಿರಲಿಲ್ಲ. ಅದನ್ನವನು ಯಾರಿಗೂ ಹೇಳಿಕೊಳ್ಳಲಿಲ್ಲ. ಆಗಾಗ ಏಣಿ ಇಟ್ಟು ಹತ್ತಿ, ನನ್ನನ್ನು ಬಿಚ್ಚಿ, ಮರ ಬಿರುಕು ಬಿಡದಂತೆ ಎಣ್ಣೆ ಹಚ್ಚುತ್ತಿದ್ದ. ಊದುವ ಕಡೆ ಬಾಯಿ ಒಯ್ಯುತ್ತಿರಲಿಲ್ಲ. ಅವನು ಹೆಂಡತಿಗೆ ಹೇಳುವ ಸುದ್ದಿಗಳಿಂದಲೇ ನನಗೆ ತಿಪ್ಪೇಶಿಯ ವಿಷಯ ಗೊತ್ತಾಗುತ್ತಿದ್ದುದು. ಕಣ್ಣು ಹಳದಿಯಾಗಿದೆ. ಕಾಲು ಬಾತಿದೆ. ಹೊಟ್ಟೆ ಬಸುರಿಯ ಹಾಗೆ ಆಗಿದೆ. ಪಂಚಮಿಗೆ ಭೈರವಿ ಬಂದಿದ್ದಳಂತೆ, ಅವನು ಮಗಳಿಗೆ ಮುಖ ತೋರಿಸಲಾರದೆ ಅವಳು ಹೋಗುವ ತನಕ ಮನೆಗೇ ಬರಲಿಲ್ಲವಂತೆ. ಕೊನೆಗೊಂದು ದಿನ: ರಕ್ತ ಕಾರಿಕೊಂಡಿದ್ದಾನೆ, ದೊಡ್ಡಾಸ್ಪತ್ರೆಗೆ ಹಾಕಿದ್ದಾರೆ.

ಅಲ್ಲಿಂದ ಅವನನ್ನು ಕುಡಿತ ಬಿಡಿಸುವ ವಾರ್ಡಿಗೆ ಕಳಿಸಿದರು. ಈ ಸಲ ಡಾಕ್ಟರುಗಳ ಕೈಯಲ್ಲಿ, ಮಾತ್ರೆಯ ಆಸರೆಯಲ್ಲಿ, ಮೆಲ್ಲಗೆ ಬಿಟ್ಟ. ಅವನು ಮನೆಗೆ ಬಂದ ಮೇಲೆ ಕೆಂಚಪ್ಪ ನನ್ನನ್ನು ಒಯ್ದು ಅವನ ಮುಂದಿಟ್ಟ. ತಿಪ್ಪೇಶಿ ಎಣ್ಣೆ ಹಚ್ಚಿದ ನನ್ನ ಮೈಮೇಲೆ ಬೆರಳಾಡಿಸಿದ.

"ಮುಚ್ಚಳ ನಾನೇ ಇಟ್ಟಿದ್ದು ತಿಪ್ಪೇಶಿ."

"ಕುಡಿದದ್ದು ನಾನಲ್ಲೇನೋ. ಬಿಡು," ಎಂದ ತಿಪ್ಪೇಶಿ.

ಸಾಕಮ್ಮ ಇಬ್ಬರಿಗೂ ಚಹಾ ತಂದಿಟ್ಟಳು, ಮಂಡಕ್ಕಿ ತಂದಿಟ್ಟಳು. ಅವತ್ತು ಅವಳು ಮಂಡಕ್ಕಿಗೆ ಈರುಳ್ಳಿ ಸಣ್ಣಗೆ ಹೆಚ್ಚಿ, ಕೊಬ್ಬರಿ ತುರಿದು ಹಾಕಿದ್ದಳು, ಹಬ್ಬದ ದಿನದ ಹಾಗೆ.

ಆ ಸಲ ಪಂಚಮಿಗೆ ಭೈರವಿ ಪುಟ್ಟ ಮಗಳ ಕೈ ಹಿಡಿದುಕೊಂಡು ಬಂದಳು. ಅಪ್ಪ ಮಗಳ ನಡುವೆ ಮಾತು ಕಡಿಮೆ. "ಊಟ ಆಯ್ತಾ?" "ಆಯ್ತು." ಹೊರಡುವ ದಿನ ಅವಳು ಚೀಲ ಹಿಡಿದು ಹೊಸ್ತಿಲಿಳಿದಾಗ ತಿಪ್ಪೇಶಿ ಪೆಟ್ಟಿಗೆ ತೆಗೆದ. ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸಿದ. ಹಲ್ಲು ಹೋದ ಸಂದಿನಿಂದ ಗಾಳಿ ಸೋರದಂತೆ ಬಾಯಿಯ ಬಲಗಡೆಗೆ ನನ್ನನ್ನು ಒತ್ತಿ ಹಿಡಿದು ಊದಿದ.

ಎಷ್ಟೋ ವರ್ಷದ ಮೇಲೆ ಬಂದ ಆ ಉಸಿರನ್ನು ನಾನು ಗುರುತು ಹಿಡಿಯಲಿಲ್ಲ. ತೂಬಿನ ನೀರಿನಂಥ ಉಸಿರು ಎಲ್ಲಿ? ಇದು ತೂತು ಕೊಡದಲ್ಲಿ ತಂದ ನೀರು. ಭೈರವಿ ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಮುಗಿಯಿತು. ಸ್ವರ ಕಡಿದಾಗ ಅವಳು ನಿಂತಳು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತು, ನಡೆದು ಹೋದಳು.

ಅದಾದ ಮೇಲೆ ಅವಳು ಬಂದು ಹೋದಾಗಲೆಲ್ಲ ಅವನು ಊದಿದ. ಒಮ್ಮೆ ನುಗ್ಗೆ ಮರದ ತನಕ ಹೋಯಿತು. ಅವತ್ತು ಅವನಿಗೆ ಆಸೆ ಹುಟ್ಟಿತು. ಡಾಕ್ಟರನ್ನು ಕೇಳಿದ, "ಕುಡಿಯೋದು ಪೂರ್ತಿ ಬಿಟ್ಟೀನಲ್ಲ ಸರ್, ಮೊದಲಿನ ಉಸಿರು ವಾಪಸ್ ಬರ್ತೈತಾ?" ಡಾಕ್ಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ನೀವು ಬಿಟ್ಟದ್ದರಿಂದ ಇಷ್ಟು ದಿನ ಸಿಕ್ಕಿದೆ ಯಜಮಾನರೇ. ಸುಟ್ಟುಹೋದದ್ದು ಮತ್ತೆ ಚಿಗುರೋದಿಲ್ಲ," ಎಂದರಂತೆ. ಸಾಕಮ್ಮ ಅದನ್ನು ನಲ್ಲಿಯ ಹತ್ತಿರ ಯಾರಿಗೋ ಹೇಳುತ್ತಿದ್ದಳು.

ಭೈರವಿ ಕೊನೆಯ ಸಲ ಬಂದದ್ದು ದೀಪಾವಳಿಗೆ. ತಿಪ್ಪೇಶಿಗೆ ಆಗ ನಿಲ್ಲಲಾಗುತ್ತಿರಲಿಲ್ಲ. ಹೊಟ್ಟೆಯ ನೀರು ಎದೆಯನ್ನು ಒತ್ತುತ್ತಿತ್ತು. ಬಾಗಿಲ ಕಲ್ಲಿನ ಮೇಲೆ ಚಾಪೆ ಹಾಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಭೈರವಿ ಕಾಲು ಮುಟ್ಟಿ ನಮಸ್ಕರಿಸಿದಾಗ, ಅವಳ ಕೈ ಆ ಬಾತ ಪಾದದ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

"ಹೋಗಿ ಬರ್ತೀನಿ ಅಪ್ಪಾಜಿ."

"ಪೆಟ್ಟಿಗೆ ಕೊಡೇ," ಎಂದ ಅವನು ಸಾಕಮ್ಮನಿಗೆ.

"ಬ್ಯಾಡ್ರೀ, ಕೆಮ್ಮು ಬರ್ತೈತೆ."

"ಕೊಡು."

ಊದಿದ. ಕಣ್ಣು ಮುಚ್ಚಿಕೊಂಡ. ಅವನ ಉಸಿರು ಎಷ್ಟಿದೆ ಎಂದು ಆ ಕ್ಷಣವೇ ನನಗೆ ತಿಳಿಯಿತು. ನುಗ್ಗೆ ಮರಕ್ಕೂ ಸಾಲದು.

ಭೈರವಿ ಒಂದು ಹೆಜ್ಜೆ ಇಟ್ಟು, ಈ ಸಲ ತಿರುಗಿ ನೋಡಿದಳು. ಅಪ್ಪನ ಕುತ್ತಿಗೆಯ ನರ ಹಗ್ಗದಂತೆ ಎದ್ದಿದ್ದು, ಕೆನ್ನೆ ಗುಳಿ ಬಿದ್ದದ್ದು, ಮುಚ್ಚಿದ ರೆಪ್ಪೆ ಅದುರುತ್ತಿದ್ದುದು ಅವಳಿಗೆ ಕಂಡಿತು. ಅವಳೂ ಆ ಉಸಿರನ್ನು ಅಳೆದಳೆಂದು ತೋರುತ್ತದೆ. ಚೀಲವನ್ನು ಹೆಗಲಿಗೇರಿಸಿದಳು, ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ನೆರಿಗೆ ಎತ್ತಿ ಸಿಕ್ಕಿಸಿದಳು. ಚಪ್ಪಲಿ ಸದ್ದಾಗದಿರಲೆಂದು ಬಿಚ್ಚಿ ಕೈಯಲ್ಲಿ ಹಿಡಿದಳು. ಆಮೇಲೆ ಓಡಿದಳು.

"ಅವ್ವಾ, ಯಾಕೆ ಓಡ್ತಿದ್ದೀಯಾ?" ಎಂದಿತು ಮಗು.

"ಶ್! ಮಾತಾಡಬ್ಯಾಡ!"

ನಲ್ಲಿಯ ಹೆಂಗಸರು ಕೊಡ ಸರಿಸಿ ದಾರಿ ಬಿಟ್ಟರು. ನುಗ್ಗೆ ಮರ ದಾಟಿದಳು. ನನ್ನೊಳಗೆ ಉಸಿರು ಎಳೆಯಾಯಿತು, ದಾರವಾಯಿತು, ದಾರದ ಒಂದು ನೂಲಾಯಿತು. ಭಟ್ಟಿಯ ಗೋಡೆಯ ಹತ್ತಿರ ಅವಳ ಸೆರಗಿನ ತುದಿ ಮರೆಯಾಯಿತು. ಸ್ವರ ಇನ್ನೂ ಇತ್ತು. ಅದಾದ ಮೇಲೆ ಕಡಿಯಿತು.

ಸಾಕಮ್ಮ ಅವನ ಭುಜ ಮುಟ್ಟಿದಳು.

"ದಾಟಿದಳಾ?" ಎಂದ ತಿಪ್ಪೇಶಿ, ಕಣ್ಣು ತೆರೆಯದೆ.

"ದಾಟಿದಳು ರೀ."

ಅವನು ನನ್ನನ್ನು ಎದೆಗವಚಿಕೊಂಡ. ಅವನ ಎದೆ ಏರಿ ಇಳಿಯುವುದು ನನಗೆ ಗೊತ್ತಾಗುತ್ತಿತ್ತು. ಓಣಿಯ ಒಂದು ಮನೆಯವರೂ ಅವಳು ಓಡಿದಳೆಂದು ಅವನಿಗೆ ಹೇಳಲಿಲ್ಲ, ಅವನು ತೀರಿಕೊಳ್ಳುವ ತನಕ. ಅದಕ್ಕೆ ಬಹಳ ದಿನ ಬೇಕಾಗಲಿಲ್ಲ.

ಈಗ ನಾನು ಹರಪನಹಳ್ಳಿಯಲ್ಲಿ, ಭೈರವಿಯ ಮನೆಯ ಬೀರುವಿನ ಮೇಲಿದ್ದೇನೆ. ನನ್ನ ಗುಂಡಿಗಳು ಸಡಿಲವಾಗಿವೆ, ಪೆಟ್ಟಿಗೆಯ ಮಖಮಲ್ಲನ್ನು ನುಸಿ ತಿಂದಿದೆ. ಊದುವವರಿಲ್ಲದ ಕ್ಲಾರಿನೆಟ್ಟಿಗೆ ಯೋಚಿಸುವುದು ಬಿಟ್ಟು ಬೇರೆ ಕೆಲಸವಿಲ್ಲ. ತವರಿನಿಂದ ಹೊರಟ ಹೆಣ್ಣುಮಗಳು ನಿಧಾನ ನಡೆಯಬೇಕು, ನಿಂತು ನಿಂತು ಹಿಂದೆ ನೋಡಬೇಕು; ಅದಕ್ಕಾಗಿಯೇ ಉಸ್ತಾದರು ಆ ಉದ್ದ ಸ್ವರವನ್ನು ಇಟ್ಟರು. ಭೈರವಿ ಓಡಬೇಕಾಯಿತು. ಅಪ್ಪನಿಗೆ ಕಡೆಯ ಸಲ ಮುಖ ತೋರಿಸಿ ಇನ್ನೊಂದು ಗಳಿಗೆ ನಿಲ್ಲಲೂ ಅವನ ಉಸಿರಿನಲ್ಲಿ ಜಾಗವಿರಲಿಲ್ಲ.

ಮಳೆಗಾಲದ ತೇವಕ್ಕೆ ನನ್ನ ಮರದಿಂದ ಹಳೆಯ ವಾಸನೆಯೊಂದು ಏಳುತ್ತದೆ. ಆಗ ಭೈರವಿ ನನ್ನನ್ನು ಇಳಿಸಿ, ಕಿಟಕಿಯ ಬಿಸಿಲಿಗಿಟ್ಟು, ಪಕ್ಕದಲ್ಲಿ ಕೂರುತ್ತಾಳೆ. ಒಮ್ಮೊಮ್ಮೆ ನನ್ನ ಅಗಲ ಬಾಯಿಗೆ ಮೂಗು ತಾಗಿಸುತ್ತಾಳೆ, ಮುಖ ಹಿಂದಕ್ಕೆಳೆದುಕೊಳ್ಳುತ್ತಾಳೆ, ಮತ್ತೆ ತಾಗಿಸುತ್ತಾಳೆ. ಅದರಲ್ಲಿ ಬ್ರಾಂದಿ ಎಷ್ಟು, ಅಪ್ಪನ ಉಸಿರು ಎಷ್ಟು ಎಂದು ಬೇರ್ಪಡಿಸಲು ಅವಳಿಗೆ ಇನ್ನೂ ಆಗಿಲ್ಲ. ನನಗೂ ಆಗಿಲ್ಲ.